ನಡುಮನೆಯಲ್ಲಿ ಕರಿಹಲಗೆ

ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟ ಮೇಷ್ಟ್ರು ಅದೇ ಕಾಲನ್ನು ಹಿಂದಕ್ಕೆ ತೆಗೆದುಕೊಂಡು ಬಾಗಿಲ ಮೇಲಿನ ಸಂಖ್ಯೆ ನೋಡಿದರು. ಮನೆ ತಮ್ಮದೇ. ಒಳಗಿರುವುದು ಮಾತ್ರ ತರಗತಿ! ಗೋಡೆಗೆ ಸೊಂಟದೆತ್ತರದವರೆಗೆ ಹಸಿರು, ಅದರ ಮೇಲೆ ಬಿಳಿ. ಸೋಫಾ ಇದ್ದಲ್ಲಿ ಮಸಿಕುಡಿಕೆಗೆ ತೂತು ಕೊರೆದ ಹಳೇ ಡೆಸ್ಕು, ಅದಕ್ಕೊಂದು ಬೆಂಚು. ಕಿಟಕಿಯ ಪಕ್ಕ ಕೋಲಿಗೆ ಸುತ್ತುವ ಭೂಪಟ, ಬಾಗಿಲ ಬಳಿ ಹಿತ್ತಾಳೆ ಗಂಟೆ. ಟಿವಿ ಇದ್ದ ಗೋಡೆಯ ಮೇಲೆ ಕರಿಹಲಗೆ.

ಮುಂಬಾಗಿಲು ತೆಗೆದಿಟ್ಟು ಬಂದ ಅವರ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ಕಾಯುತ್ತ ನಿಂತಿದ್ದಳು. ಇವರು ಬಾಯಿ ಬಿಟ್ಟರೆ ಸಾಕು, ಬೈದರೂ ಚಿಂತೆಯಿಲ್ಲ ಎಂಬುದೊಂದೇ ಅವಳ ಆಸೆ. ಶಾಲೆಯಲ್ಲಿ ಮೇಷ್ಟ್ರ ಮಾತೆಂದರೆ ಅರಳು ಹುರಿದ ಹಾಗೆ. ಒಂದು ಮಗು ಒಂದು ದಿನ ಬರದಿದ್ದರೆ ಸಂಜೆ ಅದರ ಮನೆ ಬಾಗಿಲಿಗೇ ಹೋಗಿ ವಿಚಾರಿಸುವ ಪುಣ್ಯಾತ್ಮ. ಮನೆಗೆ ಬಂದರೆ ಬಾಯಿಗೆ ಬೀಗ. ಚಹಾ ಬೇಕಾ? ಹೂಂ. ತಲೆನೋವಾ? ಉಹೂಂ. "ಊರಿಗೆ ಉಪಕಾರಿ, ಮನೆಗೆ ಮಾರಿ" ಎಂದು ಅವಳು ಗೊಣಗಿದರೆ ಅದಕ್ಕೂ ಹೂಂ! ಅವಳು ಕೆಲಸ ಮಾಡುತ್ತಿದ್ದ ಹೊಲಿಗೆ ಅಂಗಡಿ ಮುಚ್ಚಿ ತಿಂಗಳಾಗಿತ್ತು. ಹೇಳಬೇಕೆಂದು ದಿನವೂ ಎದುರಿಗೆ ಕೂರುತ್ತಿದ್ದಳು. ಕೇಳುವವರೇ ಇಲ್ಲದ ಮೇಲೆ ಯಾವ ಬಾಯಲ್ಲಿ ಹೇಳುವುದು?

ಎರಡು ವಾರದ ಹಿಂದೆ, ಅವರು ಮರೆತುಹೋಗಿದ್ದ ಬುತ್ತಿ ಕೊಡಲು ಶಾಲೆಗೆ ಹೋದವಳು ಕಿಟಕಿಯಾಚೆ ನಿಂತುಬಿಟ್ಟಿದ್ದಳು. ಒಳಗೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳನ್ನು ಮೇಷ್ಟ್ರು ಮೆತ್ತಗೆ ಕೇಳುತ್ತಿದ್ದರು: "ಏನು ಪುಟ್ಟಿ, ಯಾಕೆ ಇವತ್ತು ಮುಖ ಸಣ್ಣ ಮಾಡ್ಕೊಂಡಿದ್ದೀಯ?" ಅವಳಿಗೆ ಆ ಹುಡುಗಿಯ ಮೇಲೆ ಹೊಟ್ಟೆಕಿಚ್ಚಾಯಿತು. ಆಮೇಲೆ ನಾಚಿಕೆಯಾಯಿತು. ದಾರಿಯುದ್ದಕ್ಕೂ ಯೋಚಿಸಿದ ಮೇಲೆ ಮತ್ತೆ ಹೊಟ್ಟೆಕಿಚ್ಚೇ ಆಯಿತು.

"ಏನೇ ಇದು?" ಎಂದರು ಮೇಷ್ಟ್ರು ಕೊನೆಗೂ.

"ಹಳೇ ಶಾಲೆ ಶೈಲಿ ರೀ. ಫೋನಲ್ಲಿ ನೋಡಿದೆ. ಈಗ ಎಲ್ಲರೂ ಮನೇನ ಹೀಗೇ ಮಾಡಿಸ್ಕೋತಾರಂತೆ."

"ಸೋಫಾ ಎಲ್ಲಿ?"

"ಗುಜರಿಯವನಿಗೆ ಕೊಟ್ಟೆ. ಅವನು ಇದನ್ನ ಕೊಟ್ಟ."

"ಅಲ್ಲ ಕಣೇ, ಬೆಳಗ್ಗಿಂದ ಗಂಟಲು ಹರ್ಕೊಂಡು ಬಂದವನಿಗೆ ಮನೇಲೂ ಕರಿಹಲಗೆನಾ? ಗಾಣದೆತ್ತನ್ನ ಬಿಚ್ಚಿ ತಂದು ಕೊಟ್ಟಿಗೇಲಿ ಇನ್ನೊಂದು ಗಾಣಕ್ಕೆ ಕಟ್ಟಿದ ಹಾಗಾಯ್ತು! ನಿನಗೇನು ತಲೆಗಿಲೆ ಕೆಟ್ಟಿದ್ಯಾ?"

ಅವಳಿಗೆ ನಿಜಕ್ಕೂ ಖುಷಿಯಾಯಿತು. ಇಷ್ಟುದ್ದದ ಮಾತು ಈ ಮನೆಯಲ್ಲಿ ಕೇಳಿ ಎಷ್ಟು ಕಾಲವಾಗಿತ್ತೋ. ಅಷ್ಟರಲ್ಲಿ ಮೇಷ್ಟ್ರ ಕಣ್ಣು ಕರಿಹಲಗೆಯ ಮೂಲೆಗೆ ಹೋಯಿತು. ಶಾಲೆಯಲ್ಲಿ ದಿನಾ ಬೆಳಿಗ್ಗೆ ಬರೆಯುವಂತೆಯೇ ಅಲ್ಲಿ ಗುಂಡಗೆ ಬರೆದಿತ್ತು: ಒಟ್ಟು ೨. ಹಾಜರು ೧. ಗೈರು ೧.

ಬೈಯುವುದನ್ನು ಅರ್ಧಕ್ಕೇ ಬಿಟ್ಟು ಅವರ ಕೈ ತಾನಾಗಿಯೇ ಸೀಮೆಸುಣ್ಣಕ್ಕೆ ಹೋಯಿತು. "ಲೆಕ್ಕ ತಪ್ಪು. ಇಬ್ಬರೂ ಇಲ್ಲೇ ಇದ್ದೀವಲ್ಲ."

"ತಪ್ಪಿಲ್ಲ. ನೋಡಿಯೇ ಬರೆದಿದ್ದೀನಿ" ಎಂದಳು ಅವಳು. ಸೀದಾ ಬಂದು ಬೆಂಚಿನ ಮೇಲೆ ಕೂತು ಬಲಗೈ ಮೇಲೆತ್ತಿದಳು.

ಎತ್ತಿದ ಕೈಯನ್ನು ನೋಡಿಯೂ ಸುಮ್ಮನಿರುವುದು ಮೇಷ್ಟ್ರ ಜನ್ಮದಲ್ಲೇ ಇಲ್ಲ. "ಹೂಂ, ಏನಮ್ಮ?" ಅಂದುಬಿಟ್ಟರು.

"ಹೊಲಿಗೆ ಅಂಗಡಿ ಮುಚ್ಚಿ ತಿಂಗಳಾಯ್ತು ರೀ."

"ಏನು? ಮತ್ತೆ ದಿನಾ ಎಲ್ಲಿಗೆ ಹೋಗ್ತಿದ್ದೆ?"

"ಎಲ್ಲಿಗೂ ಇಲ್ಲ. ಮೊದಲು ಸಂಜೆ ನೀವೇ ಬೀಗ ತೆಗೆದು ಒಳಗೆ ಬರ್ತಿದ್ರಿ, ನಾನು ಆಮೇಲೆ ಬರ್ತಿದ್ದೆ. ಈಗ ತಿಂಗಳಿಂದ ನಾನೇ ಬಾಗಿಲು ತೆಗೀತಿದ್ದೀನಿ. ಗೊತ್ತಾಗ್ಲಿಲ್ವಾ?"

ಮೇಷ್ಟ್ರು ಗೋಡೆಯ ಕಡೆ ತಿರುಗಿದರು. "ಇವತ್ತೊಂದೇ ದಿನದಲ್ಲಿ ಇಷ್ಟೆಲ್ಲ ಬಳಿದ್ಯಾ?"

"ಬೆಂಚು, ಹಲಗೆ ಇವತ್ತು ಬಂತು. ಗೋಡೆ ಬಳಿದು ವಾರ ಆಯ್ತು."

ಅವರು ಹಸಿರು ಬಣ್ಣದ ಮೇಲೆ ಅಂಗೈ ಇಟ್ಟರು. ಪೂರ್ತಿ ಒಣಗಿತ್ತು. ನಿಧಾನಕ್ಕೆ ಬಂದು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತರು. ಮಕ್ಕಳ ಅಳತೆಯ ಡೆಸ್ಕು, ಮಂಡಿ ಠಪ್ ಎಂದು ಬಡಿಯಿತು. ಇಬ್ಬರೂ ನಗಲಿಲ್ಲ.

"ಯಾಕೆ ಮುಚ್ಚಿದ್ರು?" ಎಂದು ಕೇಳಿದರು, ಶಾಲೆಯ ಆ ಮೆತ್ತನೆಯ ದನಿಯಲ್ಲಿ.

ಅಷ್ಟೇ, ಕಟ್ಟೆ ಒಡೆಯಿತು. ಸಿದ್ಧ ಉಡುಪಿನ ಮಳಿಗೆ ಎದುರಿಗೇ ಬಂದದ್ದು, ಒಡತಿ ಹೊಲಿಗೆ ಯಂತ್ರಗಳನ್ನು ಮಾರಿಬಿಟ್ಟದ್ದು, ಕೊನೆಯ ದಿನ ತಾನು ಕತ್ತರಿಯನ್ನು ಅಲ್ಲೇ ಮರೆತು ಬಂದದ್ದು, ಎಲ್ಲವನ್ನೂ ಹೇಳಿದಳು. ಕತ್ತರಿಯ ಮಾತು ಬಂದಾಗ ಅತ್ತೇಬಿಟ್ಟಳು. ಮೇಷ್ಟ್ರು ನಡುನಡುವೆ ಪ್ರಶ್ನೆ ಕೇಳಿದರು. ಒಂದು ಸಲವೂ ಬರೀ ಹೂಂ ಅನ್ನಲಿಲ್ಲ. ಒಲೆಯ ಮೇಲಿದ್ದ ಚಹಾ ಕುದಿದು ಕುದಿದು ಬತ್ತಿಹೋಯಿತು.

ಎಲ್ಲ ಮುಗಿದ ಮೇಲೆ ಮೇಷ್ಟ್ರು ಎದ್ದು ಹೋಗಿ, ಕರಿಹಲಗೆಯ ಮೂಲೆಯಲ್ಲಿ 'ಹಾಜರು' ಮುಂದಿದ್ದ ಒಂದನ್ನು ಅಂಗೈಯಲ್ಲೇ ಒರೆಸಿ, ಎರಡು ಬರೆಯಲು ಸೀಮೆಸುಣ್ಣ ಊರಿದರು.

ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಅವರ ಕೈ ಹಿಡಿದಳು.

"ಈಗಲೇ ಬೇಡ ರೀ. ನಾಳೆನೂ ಬರ್ತೀರಾ ನೋಡ್ಕೊಂಡು, ನಾನೇ ಬರೀತೀನಿ."