ಸಮುದಾಯ ಭವನದ ಉದ್ಘಾಟನೆ

ಪಕ್ಕದಲ್ಲಿ ಗಾರ್ಮೆಂಟ್ಸ್ ಕಾರ್ಖಾನೆ ಬಂದ ಮೇಲೆ ಊರಿನ ಸರ್ಕಾರಿ ಶಾಲೆಗೆ ಮಕ್ಕಳು ಬಂದು ಸೇರುತ್ತಲೇ ಇದ್ದರು. ಕೋಣೆಗಳು ಮಾತ್ರ ಇದ್ದಷ್ಟೇ ಇದ್ದವು. ನೀಲವ್ವನ ಮಗಳ ತರಗತಿ ಬೇವಿನ ಮರದ ಕೆಳಗೆ ನಡೆಯುತ್ತಿತ್ತು. ಶಾಲಾ ಸಮಿತಿಯ ಅಧ್ಯಕ್ಷೆಯಾಗಿ ಅವಳು ಕೋಣೆ ಕೊಡಿ ಎಂದು ಅಲೆಯದ ಕಚೇರಿ ಇರಲಿಲ್ಲ. ಕೊನೆಗೆ ಅನುದಾನ ಬಂತು, ಶಾಲೆಗಲ್ಲ, ಅದರ ಎದುರಿಗೆ ಒಂದು ಸಮುದಾಯ ಭವನಕ್ಕೆ. ಉದ್ಘಾಟನೆಗೆ ಮುಂಚೆ ಅದನ್ನು ತೊಳೆಸಿಡಲು ಹಿಂಬಾಗಿಲ ಕೀಲಿಯನ್ನು ಅವಳ ಕೈಗೇ ಕೊಟ್ಟಿದ್ದರು.

ಶಾಸಕರ ಕಾರು ಬರುವ ಹೊತ್ತಿಗೆ ಪಂಚಾಯಿತಿ ಅಧಿಕಾರಿ ಬೆವರು ಒರೆಸಿಕೊಳ್ಳುತ್ತ ಓಡಿಬಂದರು.

“ಏನವ್ವಾ, ಹುಡುಗ್ರ ಕೈಯಾಗ ಹೂವು ಕೊಟ್ಟು ರಸ್ತೆಗುಂಟ ನಿಲ್ಲಸ್ರಿ ಅಂದಿದ್ನಲ್ಲ, ಒಬ್ಬನೂ ಕಾಣವಲ್ಲ?”

“ಬಂದಾರ್ರೀ ಸಾಹೇಬ್ರ. ಎಲ್ಲಾರೂ ಮುಂಜಾನೇನ ಬಂದಾರ.”

“ಮತ್ತ ಎಲ್ಲಿ ಅದಾರ?”

“ನೆರಳಾಗ ಕುಂದರಿಸೀನ್ರೀ. ವರ್ಷಗಟ್ಲೆ ಬಯಲಾಗ ಕುಂತಾವು, ಇವತ್ತೂ ಯಾಕ ಬಿಸಿಲಾಗ ನಿಲ್ಲಸೂದು?”

“ಆತು ಬಿಡ್ರಿ. ಆದ್ರ ಸಾಹೇಬ್ರ ಮುಂದ ಮತ್ತ ಕೋಣಿ ಸುದ್ದಿ ತೆಗೆದು ನಮ್ಮ ಮರ್ಯಾದಿ ಕಳೀಬ್ಯಾಡ್ರಿ.”

“ಇಲ್ಲರೀ. ಇನ್ನ ಮ್ಯಾಲೆ ಕೋಣಿ ಕೇಳಂಗೇ ಇಲ್ಲ.”

ಅಧಿಕಾರಿಗೆ ಹೋದ ಜೀವ ಬಂದಂತಾಯಿತು. ಕತ್ತರಿಯಿದ್ದ ತಟ್ಟೆಯನ್ನು ತಾವೇ ಹಿಡಿದು ನಿಂತರು. ಡೊಳ್ಳು ಮೊಳಗಿತು. ಶಾಸಕರು ನಗುನಗುತ್ತ ರಿಬ್ಬನ್ ಕತ್ತರಿಸಿ, ಚಪ್ಪಾಳೆಯ ನಡುವೆ ಬಾಗಿಲು ತಳ್ಳಿದರು.

ಒಳಗೆ ಸಾಲಾಗಿ ಕುಳಿತಿದ್ದ ಮಕ್ಕಳ ಮುಂದೆ, ಕರಿಹಲಗೆಯ ಬಳಿ ನಿಂತಿದ್ದ ಟೀಚರ್ ತಿರುಗಿ ನೋಡಿ, “ಚಪ್ಪಲಿ ಹೊರಗ ಬಿಟ್ಟು ಬರ್ರೀ ಸರ, ಪಾಠ ನಡದೈತಿ” ಎಂದರು.