ಸೆನ್ಸರಿನ ತುದಿಯ ಬೂದಿ

ಅಕ್ಕನ ಕಾರಿನ ಹೊಗೆ ಕೊಳವೆಯಿಂದ, ಹಾಳಾದ ಮೂರನೆಯ ಆಕ್ಸಿಜನ್ ಸೆನ್ಸರನ್ನೂ ಬಿಚ್ಚಿದ ಮೆಕ್ಯಾನಿಕ್ ತಮ್ಮನಿಗೆ ಅದರ ತುದಿಯಲ್ಲಿ ಮತ್ತದೇ ಬಿಳಿ ಬೂದಿ ಕಂಡು ತಲೆ ಕೆಟ್ಟುಹೋಯಿತು. “ಎಷ್ಟು ಸಲ ಬಡ್ಕೊಳ್ಳೋದಕ್ಕಾ ನಾನು? ಕಂಡಕಂಡ ಬಂಕಲ್ಲಿ ಪೆಟ್ರೋಲ್ ಹಾಕಿಸ್ಬೇಡ ಅಂದ್ರೆ ಕೇಳಲ್ಲ. ಕಲಬೆರಕೆ ಕುಡಿದು ಕುಡಿದು ಸಾಯ್ತಿದೆ ಇದು!”

“ಹತ್ತು ವರ್ಷದಿಂದ ಒಂದೇ ಬಂಕು ಕಣೋ,” ಎಂದಳು ಅಕ್ಕ. ಇದನ್ನು ಅವಳು ಹೇಳುತ್ತಿದ್ದುದೂ ಮೂರನೆಯ ಸಲವೇ.

ಅವನು ಕಿವಿಗೇ ಹಾಕಿಕೊಳ್ಳಲಿಲ್ಲ. ಹೊಸ ಸೆನ್ಸರ್ ಕೂರಿಸಿ, ಗೊಣಗುತ್ತಲೇ, ಎಣ್ಣೆ ಜಿನುಗುತ್ತಿದ್ದ ಎಂಜಿನ್ ಮುಚ್ಚಳದ ಅಂಚಿಗೆ ಪ್ರತಿ ಸಲದಂತೆ ಸಿಲಿಕೋನ್ ಗಮ್ಮನ್ನು ಧಾರಾಳವಾಗಿ ಹಿಂಡತೊಡಗಿದ. ಅಕ್ಕ ಆ ಟ್ಯೂಬನ್ನು ಕಿತ್ತುಕೊಂಡು ಹಿಂದುಮುಂದು ತಿರುಗಿಸಿ ನೋಡಿದಳು. ಆಮೇಲೆ ತನ್ನ ಕನ್ನಡಕ ತೆಗೆದು ಅವನ ಮೂಗಿನ ಮೇಲೆ ಕೂರಿಸಿದಳು. “ಓದು. ಜೋರಾಗಿ ಓದು.”

ಇರುವೆ ಸಾಲಿನಂಥ ಅಕ್ಷರಗಳು. “ಆಕ್ಸಿಜನ್ ಸೆನ್ಸರ್ ಇರುವ ಎಂಜಿನ್ನಿಗೆ ಬಳಸಬಾರದು. ಇದರ ಆವಿಯಿಂದ ಸೆನ್ಸರ್ ಮೇಲೆ ಬಿಳಿ ಪದರ ಕಟ್ಟಿ...” ಅವನು ಕನ್ನಡಕ ತೆಗೆದು ಅಕ್ಕನ ಕೈಗಿತ್ತ.

ಅವನು ಹಳೇ ಬಟ್ಟೆ ತೆಗೆದುಕೊಂಡು ಹಚ್ಚಿದ ಗಮ್ಮನ್ನೆಲ್ಲ ಒರೆಸತೊಡಗಿದ. ತಲೆಯೆತ್ತದೆಯೇ ಹೇಳಿದ: “ಆ ಬಂಕಿನ ಪೆಟ್ರೋಲ್ ಚೆನ್ನಾಗೇ ಇದೆ ಕಣಕ್ಕಾ. ಅಲ್ಲೇ ಹಾಕಿಸು.”