ಗೀರಿಲ್ಲದ ರೆಕ್ಕೆ

“ಇದು ಸಾಕಿದ ಹುಳು,” ಎಂದರು ಅಧ್ಯಕ್ಷರು, ದರ್ಜಿಯ ಸೀಸೆಯನ್ನು ಬಿಸಿಲಿಗೆ ಹಿಡಿದು.

ಕೀಟಪ್ರಿಯರ ಸಂಘದ ಹದಿನಾಲ್ಕು ಮಂದಿ ಮರದ ನೆರಳಿನಲ್ಲಿ ಊಟ ನಿಲ್ಲಿಸಿ ತಲೆಯೆತ್ತಿದರು. ಪ್ರತಿ ಬೇಸಿಗೆಯಲ್ಲಿ ಒಂದು ದಿನ ಸಂಘವೆಲ್ಲ ಈ ಗುಡ್ಡಕ್ಕೆ ಬಂದು ಸೂರ್ಯನ ಕುದುರೆಯನ್ನು ಹುಡುಕುತ್ತಿತ್ತು. ಭಕ್ತನಂತೆ ಕೈಜೋಡಿಸಿ ನಿಂತು, ಹತ್ತಿರ ಬಂದದ್ದನ್ನು ಜೀವಂತ ತಿನ್ನುವ ಹುಳು ಅದು. ಅಧ್ಯಕ್ಷರಿಗೆ ಅದರ ಮೇಲೆ ಅಷ್ಟು ಪ್ರೀತಿ ಏಕೆಂದು ಸಂಘದಲ್ಲಿ ಯಾರೂ ಕೇಳಬೇಕಾಗಿರಲಿಲ್ಲ.

ಕಾಡಿನ ಹುಳು ಹಿಡಿದು ತಂದವನಿಗೆ ಸದಸ್ಯತ್ವ. ಸಾಕಿದ್ದನ್ನು ಕಾಡಿನದೆಂದು ತೋರಿಸಿದವನ ಹೆಸರು ವರ್ಷವಿಡೀ ಸಂಘದ ಬಾಗಿಲ ಹಲಗೆಯ ಮೇಲೆ. ಎರಡೂ ನಿಯಮ ಅಧ್ಯಕ್ಷರವೇ. ದರ್ಜಿಯ ಅಂಗಡಿ ಆ ಬಾಗಿಲಿನ ಎದುರಿಗಿತ್ತು. ಗಿರಾಕಿಗಳೆಲ್ಲ ಹಲಗೆ ಓದಿಕೊಂಡೇ ಅವನ ಮೆಟ್ಟಿಲು ಹತ್ತುವವರು.

ಮೂರು ಬೇಸಿಗೆ ಬರಿಗೈಯಲ್ಲಿ ಗುಡ್ಡ ಇಳಿದಿದ್ದ ಆಸಾಮಿ. ಈ ಸಲ ಚೀಲವನ್ನು ಯಾರಿಗೂ ಮುಟ್ಟಗೊಡದೆ, ಗುಂಪು ಬಿಟ್ಟು ಒಬ್ಬನೇ ಮುಳ್ಳುಪೊದೆಗಳತ್ತ ಹೋದ. ಒಂದು ಗಂಟೆಯಲ್ಲಿ ಹುಳುವಿನೊಡನೆ ಹಾಜರಾದ. ನಂಬಲು ಅಧ್ಯಕ್ಷರೇನು ಕಿವಿಗೆ ಹೂವಿಟ್ಟುಕೊಂಡು ಬಂದವರೇ?

“ಒಂದು ಕಾಲಿಲ್ಲ. ರೆಕ್ಕೆ ಹರಿದಿದೆ. ಡಬ್ಬಿಯಲ್ಲಿ ಕೂಡಿಹಾಕಿದರೆ ಹೀಗೇ ಆಗೋದು. ನೀನು ಬಟ್ಟೆ ಹೊಲಿಯಪ್ಪ, ಕಥೆ ಹೊಲೀಬೇಡ.”

ಎಲ್ಲರೂ ನಕ್ಕರು. ಅಧ್ಯಕ್ಷರ ತಮಾಷೆಗೆ ನಗಬೇಕೆಂದು ನಿಯಮಾವಳಿಯಲ್ಲಿ ಇರಲಿಲ್ಲ, ರೂಢಿಯಲ್ಲಿತ್ತು.

ದರ್ಜಿ ಅಂಗೈ ಚಾಚಿದ. ತುಂಬ ಮುಳ್ಳಿನ ಗೀರು; ಒಂದು ಬೆರಳಲ್ಲಿ ಹುಳು ಕಚ್ಚಿದ ರಕ್ತ. “ಕಾಡಿಂದೇ ಸಾರ್. ನಾಳೆ ನಾನು ಅಂಗಡಿ ಬಾಗಿಲು ತೆಗೀಬೇಕು,” ಎಂದ.

ಅಧ್ಯಕ್ಷರು ತಮ್ಮ ಸೀಸೆ ತೆರೆದರು. ಅವರು ಬೆಳಿಗ್ಗೆ ಹಿಡಿದಿದ್ದ ಹುಳು ತಾನಾಗಿ ಹೊರಬಂದು ಅವರ ಬೆರಳೇರಿ ಕುಳಿತಿತು. ರೆಕ್ಕೆಯಲ್ಲಿ ಒಂದು ಗೀರಿಲ್ಲ.

“ನೋಡಿ, ಇದು ಕಾಡಿನ ಠೀವಿ. ಹೆದರಿಕೆ ಅನ್ನೋದೇ ಇಲ್ಲ.”

ಬಹಳ ಹಿಂದೆ ಒಮ್ಮೆ ಮಾತ್ರ ಅವರು ಬರಿಗೈಯಲ್ಲಿ ಇಳಿದಿದ್ದರು. ಆಮೇಲೆ ಎರಡು ತಿಂಗಳು ಮನೆಯಲ್ಲಿ ಮಾತಿಲ್ಲ. ಅವರು ತಟ್ಟೆ ಎಸೆಯುವ ಸದ್ದಷ್ಟೇ. ಅಲ್ಲಿಂದೀಚೆಗೆ ಹನ್ನೊಂದು ಬೇಸಿಗೆ ತಪ್ಪಿದ್ದೇ ಇಲ್ಲ. ಅದೂ ದೂರ ಹೋಗದೆ, ಹೆಂಡತಿ ಮುಂಚಿತವಾಗಿ ಬಂದು ಚಾಪೆ ಹಾಸಿದ ಜಾಗದ ಸುತ್ತಮುತ್ತಲೇ. ಕಣ್ಣಿದ್ದವನು ಕಾಡೆಲ್ಲ ಯಾಕೆ ಅಲೆಯಬೇಕು ಎನ್ನುತ್ತಿದ್ದರು.

ಹೆಂಡತಿಯ ವಿಷಯದಲ್ಲಿ ಅವರಿಗೆ ನಗೆಯೇ. ಬಾಳೆಹಣ್ಣು ಕೊಳೆಸಿ ಹಿತ್ತಲ ಕೋಣೆಯ ತುಂಬ ನುಸಿ ಎಬ್ಬಿಸುವವಳು, ಹುಳುವಿನ ಗಂಧಗಾಳಿ ಇಲ್ಲದವಳು ಎಂದು ಸಂಘದಲ್ಲಿ ಎಷ್ಟೋ ಸಲ ಹೇಳಿದ್ದರು. ಇವತ್ತೂ ಅಷ್ಟೆ. ಎರಡು ಕ್ಯಾರಿಯರ್ ಹೊತ್ತು ತಂದು ಒಂದನ್ನೇ ಬಿಚ್ಚಿ ಬಡಿಸಿದ್ದಳು. ಐದು ಡಬ್ಬಿಯ ಇನ್ನೊಂದು ಅವಳ ಮಡಿಲಲ್ಲೇ ಉಳಿದಿತ್ತು.

“ಬರ್ಕೊಳ್ರೀ ಇವನ ಹೆಸರು,” ಎಂದರು ಅಧ್ಯಕ್ಷರು. ಕಾರ್ಯದರ್ಶಿ ಪೆನ್ನು ತೆಗೆದರು. ದರ್ಜಿ ತನ್ನ ಚಪ್ಪಲಿ ನೋಡುತ್ತ ನಿಂತ.

ಆಗ ಹೆಂಡತಿ ಮೆಲ್ಲಗೆ ಕೇಳಿದಳು. “ರೀ, ಸಾಕಿದ್ದನ್ನ ತೋರಿಸಿದರೆ ಯಾರದಾದರೂ ಹೆಸರು ಹಾಕ್ತೀರಾ?”

“ನಮ್ಮಪ್ಪನದಾದರೂ ಹಾಕ್ತೀನಿ. ನಿನಗ್ಯಾಕೆ ಅದೆಲ್ಲ?”

ಅವಳು ಕಾರ್ಯದರ್ಶಿಯ ಮುಂದೆ ಕ್ಯಾರಿಯರ್ ಇಟ್ಟು ಡಬ್ಬಿಗಳನ್ನು ಒಂದೊಂದಾಗಿ ಬಿಡಿಸಿದಳು: ಮೊದಲನೆಯದು ಖಾಲಿ, ಉಳಿದ ನಾಲ್ಕರಿಂದ ಗೀರಿಲ್ಲದ ರೆಕ್ಕೆಯ ನಾಲ್ಕು ಸೂರ್ಯನ ಕುದುರೆಗಳು ತಾವಾಗಿ ಹೊರಬಂದು ಅವಳ ಬೆರಳೇರಿ ಕುಳಿತವು.